ಕೆಮ್ಮಕ್ಕ
ಈಜುಕೊಳದಲ್ಲಿ ಹುಡುಗಿಯರು ಬಟ್ಟೆ ಬದಲಿಸುವ ಕೋಣೆ ಕಾಯುವ ಆಯಾಗೆ ನಾವು ತಾಯಂದಿರು ಇಟ್ಟ ಹೆಸರು ಕೆಮ್ಮಕ್ಕ. ಕೋಚ್ ಯಾವ ಹುಡುಗಿಯ ಹೆಗಲ ಮೇಲೆ ಕೈಯಿಟ್ಟರೂ ಇವಳಿಗೆ ದಿಗಿಲು. ಇಡೀ ಕೊಳಕ್ಕೆ ಕೇಳುವಂತೆ ಕೆಮ್ಮುತ್ತಾಳೆ. ಅವನು ಯಾರನ್ನಾದರೂ ಒಬ್ಬಳನ್ನೇ ಆಫೀಸಿಗೆ ಕರೆದರೆ, ಒರೆಸಿದ ನೆಲವನ್ನೇ ಮತ್ತೆ ಒರೆಸಲು ಬಕೆಟ್ ಹಿಡಿದು ಹಿಂದೆಯೇ ಹೋಗುತ್ತಾಳೆ. "ಬಾಗಿಲು ತೆಗೆದೇ ಇರ್ಲಿ ಸರ್, ನೆಲ ಒಣಗ್ಬೇಕು" ಅನ್ನುತ್ತಾಳೆ. ಇಷ್ಟು ಪದಕ ತಂದುಕೊಟ್ಟ ಕೋಚ್ ಮೇಲೆ ಇವಳಿಗೇನು ಅನುಮಾನವೋ ಎಂದು ನಾವು ನಗುತ್ತಿದ್ದೆವು. ಮೊನ್ನೆ ಸಂಜೆ ಆ ಆಫೀಸಿಗೆ ಒಳಗಿನಿಂದ ಚಿಲಕ ಬಿತ್ತು. ಕೆಮ್ಮಕ್ಕ ಎರಡೂ ಕೈಯಿಂದ ಬಾಗಿಲು ಬಡಿಯುತ್ತಾ ಕಿರುಚಿಕೊಂಡಳು. ನಾವು ಓಡಿ ಹೋಗುವಷ್ಟರಲ್ಲಿ ಬಾಗಿಲು ತೆರೆದಿತ್ತು. ಟವೆಲ್ ಬಿಗಿಯಾಗಿ ಸುತ್ತಿಕೊಂಡು ಹೊರಗೆ ಬಂದವಳು ನನ್ನ ಮಗಳು. "ನಿನ್ನ ತಪ್ಪೇನಿಲ್ಲ ಪುಟ್ಟಿ, ಅಮ್ಮನ ಹತ್ರ ಎಲ್ಲಾ ಹೇಳು" ಎಂದು ಕೆಮ್ಮಕ್ಕ ಅವಳನ್ನು ನನ್ನ ತೋಳಿಗೆ ಒಪ್ಪಿಸಿದಳು. ಕೆಲಸ ಹೋಗುತ್ತದೆಂದು ಈಜುಕೊಳದ ಕಾರ್ಯದರ್ಶಿ ಹೆದರಿಸಿದರೂ ನಮ್ಮ ಜೊತೆ ಪೊಲೀಸ್ ಠಾಣೆಗೆ ಬಂದು, ಕಂಡದ್ದನ್ನೆಲ್ಲ ಹೇಳಿದಳು. ಬರೆದುಕೊಂಡ ಅಧಿಕಾರಿಣಿ ಪೆನ್ನು ಕೆಳಗಿಡುವಾಗ, "ಇನ್ನೊಂದು ದೂರು ಇದೆ ಮೇಡಂ. ಚಿಕ್ಕವಳಿದ್ದಾಗ ನಾನೂ ಓಟದ ಪಂದ್ಯಕ್ಕೆ ಹೋಗ್ತಿದ್ದೆ. ಅಲ್ಲೂ ಇಂಥವನೇ ಒಬ್ಬ ಕೋಚ್ ಇದ್ದ. ಮೂವತ್ತು ವರ್ಷ ತಡವಾಯ್ತು, ಬರ್ಕೊಳ್ತೀರಾ?" ಅಂದಳು. ಅಧಿಕಾರಿಣಿ ಹೊಸ ಹಾಳೆ ತೆಗೆದರು.