ಬೀಸಣಿಗೆಯ ಮೇಲೆ ಬರೆದ ಪತ್ರ

ನನ್ನ ವೀನಿ ಅತ್ತೆ ಟೀವಿಯಲ್ಲಿ ಒಮ್ಮೆಯೂ ಕಾಣಿಸಿಕೊಂಡವಳಲ್ಲ. ಕ್ಲೀವ್‌ಲ್ಯಾಂಡಿನ ನಮ್ಮ ಬೀದಿಯಲ್ಲಿ ಹೆಂಗಸರ ತಲೆಗೂದಲು ನೇರ ಮಾಡುವ ಅಂಗಡಿ ಇಟ್ಟಿದ್ದಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

೧೯೬೯ರಲ್ಲಿ ಊರಿನ ಟೀವಿ ಕೇಂದ್ರದವರು ಕಪ್ಪು ಜನರಿಗೆಂದು ವಾರಕ್ಕೆ ಅರ್ಧ ಗಂಟೆ ಕೊಟ್ಟರು. ಬಾಡಿಗೆ ಮನೆಯ ಇಲಿಕಾಟ, ಮಕ್ಕಳ ಶಾಲೆ, ಪೊಲೀಸರ ದರ್ಪ, ಎಲ್ಲವನ್ನೂ ನಮ್ಮವರೇ ಕೂತು ಮಾತಾಡುವ ಕಾರ್ಯಕ್ರಮ. ನಡೆಸುತ್ತಿದ್ದವನು ನಮ್ಮ ಬೀದಿಯ ಕ್ಲಿಫ್ಟನ್. ಮೊದಲ ವಾರದ ರೆಕಾರ್ಡಿಂಗ್ ನೋಡಲು ಕೇಂದ್ರಕ್ಕೆ ಹೋದ ಅತ್ತೆ ಅವನನ್ನು ಕಂಡು ಹೌಹಾರಿದಳು. ಅಲ್ಲಿದ್ದ ಪೌಡರೆಲ್ಲ ಬಿಳಿಯರ ಮುಖಕ್ಕೆ ಮಾಡಿದ್ದು. ಬಳಿದುಕೊಂಡವನು ಬೂದಿಗುಡ್ಡೆಯಿಂದ ಎದ್ದು ಬಂದಂತಿದ್ದ.

"ಏನೋ ಕ್ಲಿಫ್ಟನ್, ಸತ್ತು ಮೂರು ದಿನ ಆದೋನ ಥರ ಕಾಣ್ತೀಯಲ್ಲೋ!" ಎಂದು ಬೈದಳು. ಆಮೇಲೆ ತಾನೇ ಕಂದು ಪೌಡರುಗಳನ್ನು ಬೆರೆಸಿಕೊಂಡು ಪ್ರತಿ ಗುರುವಾರ ರೆಕಾರ್ಡಿಂಗಿಗೆ ಹೋಗತೊಡಗಿದಳು. ಸಂಬಳವಿಲ್ಲ, ಹೆಸರಿಲ್ಲ. ಆದರೆ ಪರದೆಯ ಮೇಲೆ ನಮ್ಮವರು ನಮ್ಮ ಬಣ್ಣದಲ್ಲೇ ಕಂಡರು. ಅವಳಿಗೆ ಅಷ್ಟು ಹೆಮ್ಮೆ ತಂದದ್ದು ಬೇರೊಂದಿರಲಿಲ್ಲ.

ಪ್ರಸಾರದ ಹೊತ್ತು ಮಾತ್ರ ಭಾನುವಾರ ಹನ್ನೊಂದೂವರೆ. ಆಗ ನಮ್ಮ ಮನೆಗಳಲ್ಲಿ ಇರುತ್ತಿದ್ದದ್ದು ಬೆಕ್ಕು, ಉಳಿದವರೆಲ್ಲ ಚರ್ಚಿನಲ್ಲಿ. ಊಟಕ್ಕಿಲ್ಲದ ಉಪ್ಪಿನಕಾಯಿ! ಮರುವರ್ಷ ಜುಲೈಯಲ್ಲಿ ಕೇಂದ್ರದ ಮ್ಯಾನೇಜರ್ ಹೇಳಿಯೇಬಿಟ್ಟ: ನೋಡುವವರೇ ಇಲ್ಲ, ಹತ್ತು ದಿನದಲ್ಲಿ ನೂರು ಪತ್ರ ಬರದಿದ್ದರೆ ಕಾರ್ಯಕ್ರಮ ನಿಲ್ಲುತ್ತದೆ.

ಅತ್ತೆ ನೆಟ್ಟಗೆ ಪಾದ್ರಿ ಹಾಸ್ಕಿನ್ಸ್ ಮನೆಗೆ ನಡೆದಳು. ನಾನೂ ಜೊತೆಗಿದ್ದೆ.

"ಪಾದ್ರಿಗಳೇ, ಈ ಭಾನುವಾರ ಹನ್ನೊಂದೂವರೆಯೊಳಗೆ ಪ್ರಸಂಗ ಮುಗಿಸಿಬಿಡಿ. ನೆಲಮಾಳಿಗೇಲಿ ಟೀವಿ ಇಡ್ತೀನಿ."

"ದೇವರ ಹೊತ್ತಿಗೇ ಕತ್ತರಿ ಹಾಕ್ತೀಯೇನಮ್ಮಾ? ನಾನು ಯಾವತ್ತಾದ್ರೂ ಒಂದು ಗಂಟೆಗೆ ಮುಂಚೆ ಮುಗಿಸಿದ್ದೀನಾ?"

"ಇಲ್ಲ, ಅದು ದೇವರಿಗೂ ಗೊತ್ತು. ಆಗಲ್ಲ ಅಂದ್ರೆ ಬಿಡಿ. ಶನಿವಾರ ಅಮ್ಮಾವ್ರ ತಲೆ ನೀವೇ ಬಾಚಿ."

ಒಳಕೋಣೆಯಿಂದ ಪಾದ್ರಿಯ ಹೆಂಡತಿ ಜೋರಾಗಿ ಕೆಮ್ಮಿದರು. ಪಾದ್ರಿ ಒಪ್ಪಿಕೊಂಡರು.

ಭಾನುವಾರ ನೆಲಮಾಳಿಗೆ ಕಿಕ್ಕಿರಿಯಿತು. ಪಕ್ಕದ ಅಡುಗೆಮನೆಯಿಂದ ಕೋಳಿ ಕರಿಯುವ ವಾಸನೆ ಬರುತ್ತಿತ್ತು. ಆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಕ್ಲಿಫ್ಟನ್ ಬಾಯಿ ತೆರೆದದ್ದೇ ತಡ, ಚರ್ಚಿನಲ್ಲಿ ಪಾದ್ರಿಯ ಪ್ರಸಂಗದ ನಡುನಡುವೆ ಕೂಗುವ ಹಾಗೆಯೇ ಎಲ್ಲರೂ "ಹೇಳಪ್ಪಾ, ಹೇಳು!" ಎಂದು ಕೂಗಿದರು. ಮುಗಿದಾಗ ನೋಡಿದರೆ ಪತ್ರ ಬರೆಯಲು ಕಾಗದವೇ ಇಲ್ಲ. ಅದನ್ನೊಂದು ತರಲು ಅತ್ತೆ ಮರೆತಿದ್ದಳು. ಮನೆಗೆ ಹೋದ ಮೇಲೆ ಯಾರೂ ಬರೆಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಎಲ್ಲರ ಕೈಯಲ್ಲೂ ಇದ್ದದ್ದು ಚರ್ಚಿನ ರಟ್ಟಿನ ಬೀಸಣಿಗೆ. ಒಂದು ಬದಿಯಲ್ಲಿ ಶವಪೆಟ್ಟಿಗೆ ಅಂಗಡಿಯ ಜಾಹೀರಾತು, ಇನ್ನೊಂದು ಬದಿ ಖಾಲಿ.

"ಏನು ಮುಖ ನೋಡ್ತೀರಿ? ಇದರ ಮೇಲೇ ಬರೀರಿ!" ಎಂದು ತನ್ನ ಚೀಲದಿಂದ ಹುಬ್ಬು ತೀಡುವ ಪೆನ್ಸಿಲುಗಳನ್ನು ತೆಗೆದು ಹಂಚಿದಳು.

ನೂರ ನಲವತ್ತು ಬೀಸಣಿಗೆಗಳು ಮ್ಯಾನೇಜರನ ಮೇಜಿಗೆ ಹೋದವು. ಮುಂದಿನ ಭಾನುವಾರ ಆ ಸೆಕೆಯಲ್ಲಿ ಬೀಸಿಕೊಳ್ಳಲು ಒಂದೂ ಉಳಿದಿರಲಿಲ್ಲ. ಪಾದ್ರಿ ಹಾಸ್ಕಿನ್ಸ್ ಬೆವರಿ ನೀರಾಗಿ ಹನ್ನೊಂದೂಕಾಲಿಗೇ ಆಮೆನ್ ಅಂದರು. ಕಾರ್ಯಕ್ರಮ ಇನ್ನೂ ಹನ್ನೊಂದು ವರ್ಷ ನಡೆಯಿತು.

ಈಗ ಅದರ ಒಂದು ಕಂತೂ ಉಳಿದಿಲ್ಲ. ಟೇಪು ದುಬಾರಿ ಎಂದು ಪ್ರತಿ ವಾರ ಅಳಿಸಿ ಅದರ ಮೇಲೆಯೇ ಬೇರೆಯದನ್ನು ತುಂಬುತ್ತಿದ್ದರು. ಅತ್ತೆಯನ್ನು ಮಣ್ಣು ಮಾಡಿದ ದಿನ ಮುದುಕ ಕ್ಲಿಫ್ಟನ್ ಕೋಲೂರಿಕೊಂಡು ಬಂದು ನನ್ನ ಕೈಗೆ ಒಂದು ಬೀಸಣಿಗೆ ಇಟ್ಟ. ಮ್ಯಾನೇಜರ್ ಎಸೆದದ್ದರಲ್ಲಿ ಅದೊಂದನ್ನು ಎತ್ತಿಟ್ಟುಕೊಂಡಿದ್ದನಂತೆ. ಅಕ್ಷರ ಅತ್ತೆಯದು:

"ಸ್ವಾಮಿ, ಆ ಹುಡುಗನ ಮುಖಕ್ಕೆ ಬಣ್ಣ ಬೆರೆಸಿದವಳು ನಾನು. ಈ ವಯಸ್ಸಿನವರೆಗೆ ನನ್ನ ಕನ್ನಡಿ ಬಿಟ್ಟರೆ ಬೇರೆ ಯಾವ ಗಾಜಿನಲ್ಲೂ ಈ ಬಣ್ಣ ನೋಡಿರಲಿಲ್ಲ. ದಯವಿಟ್ಟು ನಿಲ್ಲಿಸಬೇಡಿ."