ಗುರುವಾರದ ಮುಳ್ಳಿಲಿಗಳು

ತಾಷ್ಬುಲಾಕ್ ಎಂಬ ಊರಿನ ಬುರುಲ್ ಎಜೆ, ಎಂದರೆ ಬುರುಲ್ ಅಕ್ಕ, ಪುಸ್ತಕ ಕೈಗೆತ್ತಿಕೊಂಡರೆ ಮೊದಲು ಹಾಳೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡುತ್ತಿದ್ದಳು, ಹಿಟ್ಟಿನ ಗುಣ ನೋಡುವ ಹಾಗೆ. ಇಪ್ಪತ್ತೆರಡು ವರ್ಷ ಶಿಶುವಿಹಾರದ ಅಡುಗೆಮನೆಯಲ್ಲಿ ಸೌಟು ಹಿಡಿದವಳು. ಅಲ್ಲಿಗೆ ಊಟ ಹೊರಗಿನಿಂದ ಡಬ್ಬಿಯಲ್ಲಿ ಬರತೊಡಗಿದ ಮೇಲೆ ಅವಳನ್ನು ಊರಿನ ಗ್ರಂಥಾಲಯದ ಮಕ್ಕಳ ಕೋಣೆಗೆ ವರ್ಗ ಮಾಡಿದರು. ಅಡುಗೆಯವಳ ಕೈಗೆ ಪುಸ್ತಕ ಕೊಟ್ಟವರು ಏನು ಯೋಚಿಸಿದ್ದರೋ. ಏನೂ ಯೋಚಿಸಿರಲಿಕ್ಕಿಲ್ಲ.

ಕೋಣೆಯಲ್ಲಿ ಸರಕು ಒಳ್ಳೆಯದಿತ್ತು. ಗೋಡೆಯುದ್ದಕ್ಕೂ ಬಣ್ಣದ ಚಿತ್ರಪುಸ್ತಕಗಳು, ಬೆನ್ನು ಇನ್ನೂ ಮುರಿಯದವು. ಗಿರಾಕಿ ಮಾತ್ರ ಇರಲಿಲ್ಲ. ಬರುತ್ತಿದ್ದವರು ಎಂಟು ಮಕ್ಕಳು, ಅವರಲ್ಲೂ ಮೂವರು ಕೈ ಕಾಯಿಸಿಕೊಳ್ಳಲು. ಜಿಲ್ಲಾ ಕಚೇರಿಯ ಸಪಾರ್ಬೆಕ್ ಫೆಬ್ರವರಿಯಲ್ಲಿ ಬಂದು ಕಪಾಟುಗಳ ಅಳತೆ ತೆಗೆದ. ಮಾರ್ಚಿನ ಕೊನೆಯ ಗುರುವಾರ ತಾನೇ ಬಂದು ಎಣಿಸುವುದಾಗಿಯೂ, ಇಪ್ಪತ್ತೈದು ಮಕ್ಕಳ ತಲೆ ಕಾಣದಿದ್ದರೆ ಕೋಣೆ ಜಮೀನು ದಾಖಲೆಗಳ ಗೋದಾಮಾಗುವುದಾಗಿಯೂ ತಿಳಿಸಿದ. ಬುರುಲ್‌ಗೆ ಬೇರೆ ಕೆಲಸ ಕೊಡುತ್ತಾರಂತೆ, ಅದೇ ದಾಖಲೆಗಳ ಧೂಳು ಒರೆಸುವುದು. ಮಕ್ಕಳ ಸದ್ದಿಲ್ಲದ ಕೆಲಸ ಅವಳ ಮಟ್ಟಿಗೆ ಉಪ್ಪಿಲ್ಲದ ಸಾರು.

ಮೂರು ದಿನ ಕೂತು ಕಪಾಟಿನ ಪುಸ್ತಕಗಳನ್ನೆಲ್ಲ ಓದಿದಳು. ಓದುತ್ತ ಓದುತ್ತ ಅವಳಲ್ಲಿ ಒಂದು ದೂರು ಬೆಳೆಯಿತು. ಕರಡಿ ಕಾಡೆಲ್ಲ ಅಲೆಯುತ್ತದೆ, ಮೊಲ ಮನೆ ಕಟ್ಟುತ್ತದೆ, ಮುಳ್ಳಿಲಿಯೊಂದು ಬೆನ್ನ ಮೇಲೆ ಸೇಬು ಹೊತ್ತು ಬೆಟ್ಟ ಹತ್ತುತ್ತದೆ, ಕೊನೆಯ ಹಾಳೆಯವರೆಗೂ ಒಬ್ಬರಾದರೂ ಊಟ ಮಾಡುವುದಿಲ್ಲ. ಬರೆದವರು ಹೊಟ್ಟೆ ತುಂಬಿದವರಿರಬೇಕು. ಆ ಊಟದ ಪಾಲನ್ನು ತಾನೇ ತುಂಬಿಸಿದರಾಯಿತು ಎಂದುಕೊಂಡು ಮನೆಯಿಂದ ಗ್ಯಾಸ್ ಒಲೆ, ಬಾಣಲೆ, ಹಿಟ್ಟಿನ ಚೀಲ ಹೊತ್ತು ತಂದಳು.

ಮೊದಲ ದಿನ ಸಿಕ್ಕವರು ನಾಲ್ಕು ಮಕ್ಕಳು. ಮುಳ್ಳಿಲಿಯ ಕತೆ ಓದಿದಳು. ಮುಳ್ಳಿಲಿ ಬೆಟ್ಟದ ತುದಿ ಮುಟ್ಟುವಷ್ಟರಲ್ಲಿ ಪ್ರತಿ ಮಗುವಿನ ಕೈಯಲ್ಲೂ ಒಂದೊಂದು ಹಿಟ್ಟಿನ ಉಂಡೆ. ಕತ್ತರಿ ತುದಿಯಿಂದ ಚುಕ್ ಚುಕ್ ಎಂದು ಸೀಳಿದರೆ ಮುಳ್ಳು ಏಳುತ್ತದೆ, ಎರಡು ಒಣದ್ರಾಕ್ಷಿ ಒತ್ತಿದರೆ ಕಣ್ಣು. ಐದು ವರ್ಷದ ಆಯ್ದಾಯ್‌ಳ ಮುಳ್ಳಿಲಿಗೆ ಮೂರು ಕಣ್ಣು. ಒಂದು ಹಿಂದೆ ನೋಡಲಿಕ್ಕಂತೆ. ಬುರುಲ್ ಎಣ್ಣೆ ಕಾಯಿಸಿ ಮುಳ್ಳಿಲಿಗಳನ್ನು ಒಂದೊಂದಾಗಿ ಬಿಟ್ಟಳು.

ಅಂದು ಗುರುವಾರ. ಗುರುವಾರ ಎಣ್ಣೆ ಕಾಯಿಸಿ ರೊಟ್ಟಿ ಕರಿದರೆ ಆ ವಾಸನೆ ಸತ್ತ ಹಿರಿಯರಿಗೆ ಮುಟ್ಟುತ್ತದೆ, ವಾಸನೆ ಎದ್ದ ಮನೆಗೆ ನೆರೆಯವರು ಹೋಗಿ ಕೈಯೆತ್ತಿ ಪ್ರಾರ್ಥಿಸಬೇಕು. ಇದು ಊರಿಗೆಲ್ಲ ಗೊತ್ತು, ಬುರುಲ್‌ಗೂ ಗೊತ್ತು. ಆದರೆ ಶಿಶುವಿಹಾರದಲ್ಲಿ ವಾರವಿಡೀ ಕರಿದ ಕೈ ವಾರವನ್ನೇ ಮರೆತಿತ್ತು.

ಅರ್ಧ ಗಂಟೆಯೊಳಗೆ ಮಂಬೆತ್ ತಾತ ಬಂದ, ಬಿಳಿ ಟೊಪ್ಪಿ ನೆಟ್ಟಗೆ ಮಾಡಿಕೊಂಡು. ಹಿಂದೆ ನಾಲ್ವರು ಮುದುಕರು, ಅವರ ಹಿಂದೆ ಮಾತಿಗೆ ಎಂದೂ ಕೊರತೆಯಿಲ್ಲದ ವಿಧವೆ ಕಾಲಿಪಾ. ಕಪ್ಪೆ ಚಿತ್ರದ ಪುಟ್ಟ ಕುರ್ಚಿಗಳ ಮೇಲೆ ಗಂಭೀರವಾಗಿ ಕೂತು, ಯಾರ ನೆನಪಿಗೆ ಅಂತ ಕೇಳಿದರು. ಬುರುಲ್‌ಗೆ ಆಗಲೇ ವಾರ ನೆನಪಾದದ್ದು. ಕಾಲಿಪಾ ಬಾಣಲೆಗೆ ಇಣುಕಿದಳು.

"ಸತ್ತೋರನ್ನ ಕರೆಯೋ ಎಣ್ಣೇಲಿ ಇಲಿ ಕರೀತಿದ್ದೀಯೇನೇ?"

ಮುಖಗಳು ಗಟ್ಟಿಯಾದವು. ಊರ ಬಾಯಿಗೆ ಈ ಮಾತು ಬಿದ್ದರೆ ಸಪಾರ್ಬೆಕ್ ಬರುವ ತನಕವೂ ಕಾಯಬೇಕಿಲ್ಲ, ನಾಳೆಯೇ ಬೀಗ. ಬುರುಲ್ ಒಲೆ ಸಣ್ಣಗೆ ಮಾಡಿ, ತಟ್ಟೆ ಕೆಳಗಿಟ್ಟು, ಎಲ್ಲರ ಮುಂದೆ ನಿಂತು ಹೇಳಿದಳು: "ತಾತ, ಸತ್ತಿರೋದು ಯಾರೂ ಇಲ್ಲ. ಸಾಯಕ್ಕೆ ಹೊರಟಿರೋದು ಈ ಕೋಣೆ. ಕೈ ಎತ್ತಿದ್ರೆ ಇದಕ್ಕೇ ಎತ್ತಿ."

ಅಷ್ಟರಲ್ಲಿ ಆಯ್ದಾಯ್ ಮೂರು ಕಣ್ಣಿನ ಮುಳ್ಳಿಲಿಯನ್ನು ಮಂಬೆತ್ ತಾತನ ಮೂಗಿನ ಕೆಳಗೆ ಹಿಡಿದಳು. ಕೊಟ್ಟ ರೊಟ್ಟಿ ಬೇಡವೆನ್ನುವ ಮನುಷ್ಯ ಆ ಕಣಿವೆಯಲ್ಲಿ ಹುಟ್ಟಿಲ್ಲ. ತಾತ ಕೈ ಚಾಚಿದ. ಹುಡುಗಿ ಹಿಂದಕ್ಕೆಳೆದಳು.

"ಮೊದ್ಲು ಕತೆ. ಆಮೇಲೆ ತಿನ್ನೋದು."

ಹೀಗೆ ಅಂದು ಐವರು ಮುದುಕರು ಮುಳ್ಳಿಲಿಯ ಕತೆ ಕೇಳಿದರು. ಕೇಳಿ ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮಂಬೆತ್ ತಾತನಿಗೆ ಪುಸ್ತಕದ ಮೇಲೆ ಸಿಟ್ಟು ಬಂತು. ಎಪ್ಪತ್ತು ವರ್ಷ ಕುರಿ ಕಾದಿದ್ದಾನೆ, ಬೆನ್ನ ಮೇಲೆ ಸೇಬು ಹೊತ್ತ ಮುಳ್ಳಿಲಿಯನ್ನು ಒಂದೇ ಒಂದು ನೋಡಿಲ್ಲ. ಪಕ್ಕದ ಮುದುಕ, ನೀನು ನೋಡಿಲ್ಲದ್ದೆಲ್ಲ ಇಲ್ಲವೇನು ಎಂದ. ಕಾಲಿಪಾ ತನ್ನ ತವರಿನ ಮುಳ್ಳಿಲಿ ಪೇರ್ ಹಣ್ಣು ಒಯ್ಯುವುದನ್ನು ಕಣ್ಣಾರೆ ಕಂಡಿದ್ದೇನೆ ಎಂದು ಪಟ್ಟು ಹಿಡಿದಳು. ಪ್ರಾರ್ಥನೆ ಕೊನೆಗೆ ನಡೆಯಿತು. ಆದರೆ ಜಗಳ ತೀರ್ಮಾನವಾಗದೆ ಮನೆಮನೆಗೆ ಹೋಯಿತು.

ವ್ಯಾಪಾರ ಕುದುರುವ ಗಳಿಗೆ ಬುರುಲ್‌ಗೆ ಗೊತ್ತಾಗುತ್ತಿತ್ತು. ಮುಂದಿನ ಗುರುವಾರ ಮುದುಕರು ಖಾಲಿ ಕೈಲಿ ಬಂದಾಗ ರೊಟ್ಟಿ ಕೊಟ್ಟು ಬಾಗಿಲಲ್ಲೇ ನಿಲ್ಲಿಸಿದಳು. ರೊಟ್ಟಿಗೆ ಇಲ್ಲವೆನ್ನುವಂತಿಲ್ಲ, ಸರಿ. ಮಕ್ಕಳು ಕತೆ ಕೇಳಲು ಕೂರುವ ನೆಲದ ಹಾಸಿನ ವಿಷಯದಲ್ಲಿ ಹಾಗೇನೂ ಕಟ್ಟಳೆಯಿಲ್ಲ. ಹಾಸಿನ ಮೇಲೆ ಕೂತು ವಾದ ಮಾಡಬೇಕೆಂದರೆ ಜೊತೆಗೊಂದು ಮಗು ಇರಬೇಕು. ಮುದುಕರು ಮೊಮ್ಮಕ್ಕಳನ್ನು ಕರೆತಂದರು. ಮೊಮ್ಮಕ್ಕಳಿಲ್ಲದ ಕಾಲಿಪಾ ನೆರೆಮನೆಯ ಅವಳಿಗಳನ್ನು ಸಾಲ ತಂದಳು. ಆ ವಾರ ಕುರುಡು ಮರಿಕುದುರೆಯ ಪುಸ್ತಕ, ಅದಕ್ಕೆ ತಕ್ಕಂತೆ ಮಕ್ಕಳು ಕಣ್ಣು ಕಟ್ಟಿಕೊಂಡು ಬಸಿದ ಹುಳಿಮೊಸರಿನ ಉಂಡೆ ಕಟ್ಟುವುದು. ಅದರ ಮುಂದಿನ ವಾರ ಹಿಮದಲ್ಲಿ ದಾರಿ ತಪ್ಪಿದ ಅಜ್ಜಿ. ಹಿಟ್ಟನ್ನು ದಾರವಾಗಿ ಎಳೆದು ಹಾಸಿನ ಈ ತುದಿಯಿಂದ ಆ ತುದಿಗೆ ಅವಳಿಗೆ ದಾರಿ ಮಾಡಿಕೊಟ್ಟರು. ಅಮ್ಮಂದಿರು ಬಟ್ಟೆಗೆ ಮೆತ್ತಿದ ಹಿಟ್ಟಿನ ಬಗ್ಗೆ ಗೊಣಗಿದರು, ಮಕ್ಕಳನ್ನು ಕಳಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಮಾರ್ಚಿನ ಕೊನೆಯ ಗುರುವಾರ ಸಪಾರ್ಬೆಕ್ ಬಂದಾಗ ಒಂಟೆಯ ಕತೆ ನಡೆದಿತ್ತು. ಮಕ್ಕಳೆಲ್ಲ ಹಿಟ್ಟಿನಲ್ಲಿ ಡುಬ್ಬ ಎಬ್ಬಿಸುತ್ತಿದ್ದರು, ಮೂಲೆಯಲ್ಲಿ ಎಣ್ಣೆ ಕಾಯುತ್ತಿತ್ತು. ಅವನು ಎಣಿಸಿದ. ಮೂವತ್ತೊಂದು. ಇನ್ನೊಮ್ಮೆ ಎಣಿಸಿದ, ಸಂಖ್ಯೆ ಕಮ್ಮಿಯಾಗಲಿಲ್ಲ. ಮುಖ ಹುಳಿಯಾಯಿತು. ಪುಸ್ತಕಗಳ ನಡುವೆ ಬೆಂಕಿಯೇ ಎಂದು ಕೇಳಿದ. ಅದು ನ್ಯಾಯದ ಮಾತು, ಬುರುಲ್ ಒಪ್ಪಿದಳು. ಆಮೇಲೆ ಅವನು ಇನ್ನೊಂದು ಹೇಳಿದ.

"ಎಜೆ, ಇವ್ರನ್ನ ಲೆಕ್ಕಕ್ಕೆ ಹಿಡಿಯಕ್ಕಾಗಲ್ಲ. ತಿನ್ನಕ್ಕೆ ಬಂದಿರೋ ಹೊಟ್ಟೆಗಳು ಇವು, ಓದಕ್ಕೆ ಬಂದಿರೋ ತಲೆಗಳಲ್ಲ."

ಬುರುಲ್ ಒಲೆ ಆರಿಸಿದಳು. ಬಾಣಲೆಯನ್ನು ಎರಡೂ ಕೈಯಲ್ಲಿ ಹಿಡಿದು ಅಂಗಳಕ್ಕೆ ಒಯ್ದಿಟ್ಟು, ಕೈ ಒರೆಸಿಕೊಳ್ಳುತ್ತ ವಾಪಸು ಬಂದಳು.

"ಮಕ್ಳೇ, ಇವತ್ತು ಕರಿಯೋದಿಲ್ಲ. ತಿನ್ನಕ್ಕೆ ಏನೂ ಸಿಗಲ್ಲ. ಹೋಗೋರು ಹೋಗ್ಬೋದು."

ಪುಸ್ತಕ ತೆಗೆಯಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಹಾಸಿನ ಮೇಲೆ ಕೂತು, ಮಂಡಿಯ ಮೇಲೆ ಕೈಯಿಟ್ಟು ಕಾದಳು. ಒಬ್ಬ ಪುಟ್ಟ ಎದ್ದ. ಸಪಾರ್ಬೆಕ್‌ನ ಪೆನ್ನೂ ಎದ್ದಿತು. ಪುಟ್ಟ ಮುಂದಿನವನ ತಲೆ ಅಡ್ಡವೆಂದು ಎರಡಡಿ ಪಕ್ಕಕ್ಕೆ ಹೋಗಿ ಮತ್ತೆ ಕೂತ. ಆಯ್ದಾಯ್ ಪುಸ್ತಕವನ್ನು ತಂದು ಬುರುಲ್‌ಳ ಮಡಿಲಲ್ಲಿಟ್ಟು, ಕತೆ ನಿಂತಿದ್ದ ಹಾಳೆಯನ್ನೇ ತೆರೆದಳು. ಅಧಿಕಾರಿಯ ಬೂಟು ಚಿತ್ರಕ್ಕೆ ಅಡ್ಡ ಬರುತ್ತಿತ್ತು.

ಮಂಬೆತ್ ತಾತ ಅವನ ಕೋಟಿನ ತುದಿ ಎಳೆದ. "ಕೂತ್ಕೊಳ್ಳೋ ತಮ್ಮಾ. ಒಂಟೆ ಇನ್ನೂ ಹೊಳೆ ದಾಟಿಲ್ಲ."

ಸಪಾರ್ಬೆಕ್ ಕಪ್ಪೆ ಕುರ್ಚಿಯ ಮೇಲೆ ಮಂಡಿ ಗದ್ದಕ್ಕೆ ತಾಗಿಸಿಕೊಂಡು ಕೂತ. ಒಂಟೆ ಹೊಳೆ ದಾಟಿತು, ಒಂಟೆಗೆ ಈಜು ಬರುತ್ತದೆಯೇ ಎಂದು ಮುದುಕರು ಜಗಳ ಶುರು ಮಾಡಿದರು, ಮೂವತ್ತೊಂದು ತಲೆಗಳು ಅತ್ತಿಂದಿತ್ತ ತಿರುಗಿದವು. ಅವನು ಮಂಡಿಯ ಮೇಲೇ ಲೆಕ್ಕದ ಕಾಗದವಿಟ್ಟು, ಕೋಣೆ ಮಕ್ಕಳಿಗೇ ಉಳಿಯಲೆಂದು ರುಜು ಹಾಕಿದ. ಒಲೆ ಅಂಗಳದ ಕೊಟ್ಟಿಗೆಯಲ್ಲಿರಬೇಕು ಎಂದು ಕೆಳಗೊಂದು ಸಾಲು ಸೇರಿಸಿದ, ಅಧಿಕಾರಿ ಅನ್ನಿಸಿಕೊಳ್ಳಬೇಕಲ್ಲ.

ಬುರುಲ್ ರುಜುವನ್ನು ಬೆಳಕಿಗೆ ಹಿಡಿದು ನೋಡಿದಳು, ಹಾಳೆಯನ್ನು ಎದೆಗೆ ಒತ್ತಿಕೊಂಡಳು. ಆಮೇಲೆ, ಸಪಾರ್ಬೆಕ್ ಇನ್ನೂ ಕುರ್ಚಿಯಿಂದ ಏಳಲು ಒದ್ದಾಡುತ್ತಿರುವಾಗಲೇ, ಮಕ್ಕಳಿಗೆ ಹಾಸು ಸಾಲುತ್ತಿಲ್ಲ, ಕಚೇರಿಯಿಂದ ಇನ್ನೊಂದು ಬೇಕು, ಉಣ್ಣೆಯದು, ದಪ್ಪದ್ದು ಎಂದು ಬೇಡಿಕೆ ಇಟ್ಟಳು.