ಹಕ್ಕಿಗಳಿಗೆ ಕೇಳಿಸಿದ ‘ಲುಕ್ ಆಫ್ಟರ್’

ಎಪ್ಪತ್ತರ ದಶಕದಲ್ಲಿ ಇಂಡಿ ಕಡೆಯ ನಮ್ಮ ಊರಿಗೆ ಚಳಿಗಾಲ ಬಂತೆಂದರೆ ಸೀತನಿಯ ವಾಸನೆ. ಹಾಲು ತುಂಬಿದ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ ಬೆರೆಸಿ ಬಿಸಿಬಿಸಿಯಾಗಿ ಮುಕ್ಕುತ್ತಿದ್ದೆವು. ನಮಗಿಂತ ಮೊದಲೇ ಗಿಳಿ, ಗುಬ್ಬಿಗಳು ಹೊಲಕ್ಕೆ ಬಂದಿರುತ್ತಿದ್ದವು.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಅಪ್ಪ ಚಕ್ಕಡಿಯಿಂದ ಬಿದ್ದು ಕಾಲು ಮುರಿದುಕೊಂಡ. ಹಕ್ಕಿ ಕಾಯುವ ಕೆಲಸ ನನಗೆ ಬಂತು. “ಸುಗ್ಗಿ ಮುಗೀಲಿ, ಸಾಲೀದು ಆಮ್ಯಾಲ ನೋಡೂಣು,” ಎಂದ ಅಪ್ಪ. ಹಾಗೆ ಬಿಟ್ಟವರು ನಮ್ಮೂರಲ್ಲಿ ಯಾರೂ ಮತ್ತೆ ಸಾಲಿ ಮೆಟ್ಟಿಲು ಹತ್ತಿರಲಿಲ್ಲ. ಕವಣೆ ಹಿಡಿದು ಅಟ್ಟದ ಮೇಲೆ ಕುಳಿತವನಿಗೆ ಹೊಲದಾಚೆಯ ಸಾಲಿಯ ಗಂಟೆ ಕೇಳಿದರೆ ಅಳು ಬರುತ್ತಿತ್ತು.

ಒಂದು ಸಂಜೆ ಇಂಗ್ಲಿಷ್ ಮಾಸ್ತರರು ನನ್ನ ಗೆಳೆಯರನ್ನೆಲ್ಲ ಕಟ್ಟಿಕೊಂಡು ಮನೆಗೇ ಬಂದರು. ಅಪ್ಪ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದ.

“ಬಸಪ್ಪ, ಇವತ್ತ ಇವರಿಗೆ ‘ಲುಕ್ ಆಫ್ಟರ್’ ಕಲಿಸೇನಿ. ಲುಕ್ ಅಂದ್ರ ನೋಡು, ಆಫ್ಟರ್ ಅಂದ್ರ ಆಮ್ಯಾಲ. ಎರಡೂ ಕೂಡಿದ್ರ ಅರ್ಥನ ಬ್ಯಾರೆ. ಕಾಯೂದು, ಜ್ವಾಪಾನ ಮಾಡೂದು.”

“ಹಕ್ಕಿಗೆ ಇಂಗ್ಲಿಷ್ ತಿಳೀತೈತೇನ್ರಿ ಮಾಸ್ತರ?”

“ಹುಡುಗರಿಗೆ ತಿಳದ್ರ ಸಾಕು. ಬರೇ ಬರದ್ರ ಕಲತಂಗಲ್ಲ. ದಿನಾ ಒಬ್ಬಾಂವ ಪಾಳಿ ಮ್ಯಾಲ ನಿನ್ನ ಹೊಲ ಕಾಯ್ತಾನ. ನಿನ್ನ ಮಗನ್ನ ಸಾಲಿಗೆ ಕಳಸು.”

ಗೆಳೆಯ ಲಾಲಸಾಬ ಸುಮ್ಮನಿರಬೇಕಲ್ಲ! “ಕಾಕಾ, ಸೀತನಿ ಕೊಡ್ತೀರಿಲ್ರಿ?”

“ಹಕ್ಕಿಗಿಂತ ನೀನಽ ಜಾಸ್ತಿ ತಿಂತಿ ಬಿಡಲೇ!” ಎಂದು ಅಪ್ಪ ನಕ್ಕುಬಿಟ್ಟ. ಮರುದಿನ ನಾನು ಸಾಲಿಗೆ ಹೋದೆ.

ನಡೆದದ್ದು ಹೀಗೆಯೇ ಎಂದು ಆಣೆ ಮಾಡಿ ಹೇಳಲಾರೆ. ವಿಶ್ವವಿದ್ಯಾಲಯ ನನಗೆ ಕಲಿಸಿದ್ದೇ ಅನುಮಾನಪಡುವುದನ್ನು. ಮಾಸ್ತರರ ಮಾತನ್ನು ನಾನೇ ಆಮೇಲೆ ಜೋಡಿಸಿಕೊಂಡಿರಬಹುದು. ಲಾಲಸಾಬನಂತೂ, “ಮಾಸ್ತರ್ ಎಲ್ಲಿ ಬಂದಿದ್ರೋ? ನಾವಽ ಸೀತನಿ ಆಸೇಕ ಬಂದಿದ್ವಿ,” ಎನ್ನುತ್ತಾನೆ. ಇದ್ದರೂ ಇರಬಹುದು. ಆದರೆ ಅವನ ಪಾಳಿಯ ದಿನ ತರಗತಿಯ ಕಿಟಕಿಯಿಂದ ಕೇಳಿಬರುತ್ತಿದ್ದ ಅವನ ಕೂಗನ್ನು ಮಾತ್ರ ಅನುಮಾನಿಸಲಾರೆ: “ಹೋಽ... ಲುಕ್ ಆಫ್ಟರ್ರ್!” ಗಿಳಿಗಳ ಹಿಂಡು ಭರ್ರನೆ ಮೇಲೇಳುತ್ತಿತ್ತು. ನಾನು ನಿಶ್ಚಿಂತೆಯಿಂದ ಪುಸ್ತಕದತ್ತ ತಿರುಗುತ್ತಿದ್ದೆ. ನನ್ನ ಓದೆಲ್ಲ ಆ ಕೂಗಿನ ಪುಣ್ಯ.

ಆ ಹೊಲದಲ್ಲೀಗ ಕಬ್ಬು. ಅದಕ್ಕೆ ಹಕ್ಕಿ ಕಾಯುವವರು ಬೇಕಿಲ್ಲ, ಸೀತನಿಗೆ ಕರೆಯುವವರೂ ಇಲ್ಲ. ಆಮೇಲೆ ಎಷ್ಟೋ ಊರುಗಳಲ್ಲಿ, ಎಷ್ಟೋ ಕಿಟಕಿಗಳ ಪಕ್ಕ ಕುಳಿತು ಓದಿದ್ದೇನೆ. ಹೊರಗೆ ನಿಂತು ನನಗಾಗಿ ಯಾರೂ ಕೂಗಲಿಲ್ಲ.